ಐದು ಟನ್ನರ್, ಒಂದು ತಿರುವು: ಮಲೆನಾಡಿನ ರಸ್ತೆಯಲ್ಲಿ ಕ್ಲೋರಿನ್ ಸೋರಿಕೆಯ ಪ್ರಕರಣ ಅಧ್ಯಯನ

ಅಪಾಯಕಾರಿ ಸರಕು ಸಾಗಿಸುವ ಲಾರಿಗಳ ಚಾಲಕರು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 9ನೇ ನಿಯಮದಂತೆ ಮೂರು ದಿನಗಳ ವಿಶೇಷ ತರಬೇತಿ ಪಡೆದು, ಪರವಾನಗಿಯಲ್ಲಿ ಅದನ್ನು ನಮೂದಿಸಿಕೊಳ್ಳಬೇಕು. ಶಿವಮೊಗ್ಗದಲ್ಲಿ ಅಂಥ ತರಗತಿಗಳಿಗೆ ಪಾಠ ಹೇಳುವುದು ಹಲವು ವರ್ಷಗಳಿಂದ ನನ್ನ ಕೆಲಸ. ಇಲ್ಲಿ ವಿವರಿಸುತ್ತಿರುವ ಘಟನೆ ನಡೆದ ಮರುದಿನ ಬೆಳಿಗ್ಗೆ, ಲಾರಿಯ ಮಾಲೀಕರು ಕೇಳಿಕೊಂಡಿದ್ದರಿಂದ ನಾನು ಸ್ಥಳಕ್ಕೆ ಹೋದೆ. ಚಾಲಕ, ಕ್ಲೀನರ್, ಬಸ್ಸಿನಲ್ಲಿದ್ದ ಕೆಲವರು, ರಸ್ತೆಯ ಕೆಳಗಿನ ತೋಟದ ಮನೆಯವರು, ಹೀಗೆ ಸಿಕ್ಕವರೊಡನೆಲ್ಲ ಮಾತನಾಡಿದೆ. ಲಾರಿಯಲ್ಲಿದ್ದ ಕಾಗದಪತ್ರಗಳನ್ನು ಒಂದೊಂದಾಗಿ ಓದಿದೆ. ಯಾರ ಹೆಸರನ್ನೂ ಬರೆಯುವುದಿಲ್ಲ ಎಂದು ಅವರಿಗೆ ಕೊಟ್ಟ ಮಾತನ್ನು ಇಲ್ಲಿಯೂ ಉಳಿಸಿಕೊಂಡಿದ್ದೇನೆ.

ಲಾರಿಯಲ್ಲಿದ್ದುದು ಐದು ಟನ್ನರ್ ಕ್ಲೋರಿನ್. ಊರುಗಳ ಕುಡಿಯುವ ನೀರನ್ನು ಶುದ್ಧಗೊಳಿಸಲು ಬಳಸುವ ಈ ಅನಿಲವನ್ನು ಒತ್ತಡದಲ್ಲಿ ದ್ರವವಾಗಿಸಿ, ಉರುಳೆಯಾಕಾರದ ದಪ್ಪ ಉಕ್ಕಿನ ಪಾತ್ರೆಗಳಲ್ಲಿ, ಅಂದರೆ ಟನ್ನರ್‌ಗಳಲ್ಲಿ, ತುಂಬುತ್ತಾರೆ. ಒಂದೊಂದು ಟನ್ನರಿನಲ್ಲಿ 900 ಕಿಲೊ ಹಿಡಿಯುತ್ತದೆ. ಟನ್ನರಿನ ಒಂದು ತುದಿಯಲ್ಲಿ ಎರಡು ವಾಲ್ವ್‌ಗಳಿರುತ್ತವೆ. ಟನ್ನರನ್ನು ಮಲಗಿಸಿದಾಗ ಅವೆರಡೂ ಒಂದರ ಮೇಲೊಂದು ನೇರವಾಗಿ ಬರಬೇಕು: ಆಗ ಮೇಲಿನದರಿಂದ ಅನಿಲವೂ ಕೆಳಗಿನದರಿಂದ ದ್ರವವೂ ಸಿಗುತ್ತದೆ. ನೋಡಲು ಸಣ್ಣದಾದ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ದ್ರವ ಕ್ಲೋರಿನ್ ಹೊರಬಂದರೆ ತನ್ನ ಗಾತ್ರದ ಸುಮಾರು 450 ಪಟ್ಟು ಅನಿಲವಾಗಿ ಹಿಗ್ಗುತ್ತದೆ, ಮತ್ತು ಒಂದೇ ಅಳತೆಯ ತೂತಿನಿಂದ ಅನಿಲ ಸೋರುವುದಕ್ಕಿಂತ ದ್ರವ ಸೋರುವುದು ಅನೇಕ ಪಟ್ಟು ಘೋರವಾದುದು.

ಲಾರಿ ಕರಾವಳಿಯ ಕಡೆಯಿಂದ ಗೇರುಸೊಪ್ಪೆಯ ಘಾಟಿ ಹತ್ತಿ, ಮಾವಿನಗುಂಡಿ ದಾಟಿ, ತಾಳಗುಪ್ಪದ ಕಡೆಗೆ ಬರುತ್ತಿತ್ತು. ಆಷಾಢದ ಮಳೆ. ಸಂಜೆ ನಾಲ್ಕೂವರೆಯ ಹೊತ್ತಿಗೆ ಒಂದು ತಿರುವಿನಾಚೆ ಮರವೊಂದು ರಸ್ತೆಗೆ ಅಡ್ಡಲಾಗಿ ಬಿದ್ದು, ಎರಡೂ ಬದಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಸಾಲಿನ ಕೊನೆಯಲ್ಲಿದ್ದ ಬಸ್ಸು ಹಠಾತ್ತನೆ ಕಂಡಾಗ ಚಾಲಕ ಜೋರಾಗಿ ಬ್ರೇಕ್ ಹಾಕಿದ. ಲಾರಿ ಬಸ್ಸಿಗೆ ತಾಗದೆ ನಿಂತಿತಾದರೂ ಹಿಂದಿನಿಂದ ಎರಡು ಸಲ ದಡ್ ದಡ್ ಎಂಬ ಸದ್ದು ಬಂತೆಂದು ಚಾಲಕನೂ ಕ್ಲೀನರನೂ ಪ್ರತ್ಯೇಕವಾಗಿ ಹೇಳಿದರು. ಐದನೆಯ ಟನ್ನರ್ ತನ್ನ ಜಾಗದಲ್ಲೇ ಕಾಲು ಸುತ್ತು ಉರುಳಿ, ಅದರ ವಾಲ್ವ್‌ಗಳ ಮೇಲಿನ ರಕ್ಷಣಾ ಮುಚ್ಚಳ ಲಾರಿಯ ಪಕ್ಕದ ಹಲಗೆಗೆ ಬಡಿದಿತ್ತು.

ಮೊದಲ ಐದು ನಿಮಿಷ ಯಾರಿಗೂ ಏನೂ ತಿಳಿಯಲಿಲ್ಲ. ಅನಂತರ ಬಸ್ಸಿನ ಹಿಂದಿನ ಸೀಟಿನಲ್ಲಿದ್ದವರು ಕೆಮ್ಮತೊಡಗಿದರು. ಬ್ಲೀಚಿಂಗ್ ಪುಡಿಯ ಡಬ್ಬಿಯನ್ನು ಮುಖಕ್ಕೆ ಹಿಡಿದಂತಾಯಿತೆಂದು ಒಬ್ಬ ಹೆಂಗಸು ಹೇಳಿದರು. ಕ್ಲೀನರ್ ತಾಡಪಾಲಿನ ಅಂಚನ್ನು ಎತ್ತಿ ನೋಡಿ, ಹಳದಿ ಮಿಶ್ರಿತ ಹಸಿರು ಹೊಗೆಯನ್ನು ಕಂಡು ಹಿಂದಕ್ಕೆ ಸರಿದ. ಸಾಲಿನಲ್ಲಿದ್ದ ಯಾರೋ ಕೊಡದಲ್ಲಿ ನೀರು ತಂದರು. ಇನ್ನು ಕೆಲವರು ಮಳೆಯಿಂದಲೂ ವಾಸನೆಯಿಂದಲೂ ಒಟ್ಟಿಗೆ ತಪ್ಪಿಸಿಕೊಳ್ಳಲೆಂದು ರಸ್ತೆಯ ಕೆಳಗಿನ ಅಡಿಕೆ ತೋಟದ ಮನೆಯ ಜಗುಲಿಯತ್ತ ಇಳಿಯಲು ಹೊರಟರು.

ಎರಡೂ ಸಹಜವೆನಿಸುವ ಪ್ರತಿಕ್ರಿಯೆಗಳೇ, ಮತ್ತು ಎರಡೂ ಅಪಾಯಕಾರಿ. ಕ್ಲೋರಿನ್ ಸೋರುತ್ತಿರುವ ಜಾಗಕ್ಕೆ ನೀರು ಸುರಿಯಬಾರದು. ದ್ರವ ಕ್ಲೋರಿನ್ ಕುದಿಯುವ ಬಿಂದು ಶೂನ್ಯಕ್ಕಿಂತ 34 ಡಿಗ್ರಿ ಸೆಲ್ಸಿಯಸ್ ಕೆಳಗಿರುವುದರಿಂದ, ನಮಗೆ ತಣ್ಣಗೆನಿಸುವ ನೀರು ಅದಕ್ಕೆ ಕಾವು ಕೊಟ್ಟು ಸೋರಿಕೆಯನ್ನು ಹೆಚ್ಚಿಸುತ್ತದೆ. ಜೊತೆಗೆ ನೀರು ಮತ್ತು ಕ್ಲೋರಿನ್ ಕೂಡಿ ಉಂಟಾಗುವ ಆಮ್ಲ ಸೋರುತ್ತಿರುವ ಜಾಗದ ಲೋಹವನ್ನೇ ತಿಂದು ತೂತನ್ನು ಅಗಲಿಸುತ್ತದೆ. ಇನ್ನು ಕೆಳಗಿಳಿಯುವ ವಿಚಾರ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅದು ಹೊಗೆಯಂತೆ ಮೇಲೇರುವುದಿಲ್ಲ. ನೀರು ಹರಿಯುವ ದಾರಿಯಲ್ಲೇ ನೆಲ ಹಿಡಿದು ಇಳಿಯುತ್ತದೆ. ಮಲೆನಾಡಿನಲ್ಲಿ ರಸ್ತೆ ಗುಡ್ಡದ ಸೊಂಟದಲ್ಲಿರುತ್ತದೆ, ತೋಟ ಕಣಿವೆಯಲ್ಲಿರುತ್ತದೆ, ತೋಟದ ಅಂಚಿನಲ್ಲೇ ಮನೆಯಿರುತ್ತದೆ. ಬಯಲುಸೀಮೆಯಲ್ಲಿ ಗಾಳಿಯ ದಿಕ್ಕನ್ನು ನೋಡಿದರೆ ಬಹುಮಟ್ಟಿಗೆ ಸಾಕಾದೀತು. ಇಲ್ಲಿ ನೆಲದ ಇಳಿಜಾರನ್ನು ನೋಡದೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ.

ಆ ಹೊತ್ತಿಗೆ ಬಸ್ಸಿನಿಂದ ಇಳಿದವರಲ್ಲಿ ಒಬ್ಬರು ಪಟ್ಟಣವೊಂದರ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಹಿಂದೆ ಕೆಲಸ ಮಾಡಿ ನಿವೃತ್ತರಾದವರು. ವಾಸನೆ ತಗುಲಿದ ಕೂಡಲೇ ಅವರಿಗೆ ಅದು ಯಾವುದೆಂದು ತಿಳಿದಿತ್ತು. ಅವರು ನೀರಿನ ಕೊಡವನ್ನು ತಡೆದರು. "ಕೆಳಗೆ ಇಳಿಯಬೇಡಿ ಮಾರಾಯ್ರೆ, ಮೇಲಿನ ಬ್ಯಾಣಕ್ಕೆ ಹತ್ತಿ, ಮಕ್ಕಳನ್ನು ಮೊದಲು ಕಳಿಸಿ" ಎಂದು ಕೂಗುತ್ತ ಜನರನ್ನು ರಸ್ತೆಯ ಮೇಲ್ಬದಿಯ ಹುಲ್ಲುಗಾವಲಿಗೆ ಹತ್ತಿಸಿದರು. ತೋಟದ ಮನೆಯವರಿಗೂ ಹಳ್ಳದ ದಾರಿ ಬಿಟ್ಟು ಎದುರಿನ ದಿಬ್ಬಕ್ಕೆ ಹೋಗುವಂತೆ ಕೂಗಿ ಹೇಳಿದರು. 112ಕ್ಕೆ ಕರೆ ಮಾಡಿದವರೂ ಅವರೇ. ಸುಮಾರು ಒಂದೂಕಾಲು ಗಂಟೆಯ ನಂತರ ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕ ಸಿಬ್ಬಂದಿ ಉಸಿರಾಟದ ಉಪಕರಣಗಳೊಡನೆ ಬಂದರು. ಪಂಪ್‌ಹೌಸಿನ ಅನುಭವಿ ದೂರದಿಂದಲೇ ವಾಲ್ವಿನ ರಚನೆಯನ್ನು ವಿವರಿಸಿದರು. ಸಿಬ್ಬಂದಿಯೊಬ್ಬರು ಲಾರಿ ಹತ್ತಿ, ವಾಲ್ವಿನ ಕೀಲಿ ಹಾಕಿ, ತುದಿಯನ್ನು ಒಂದು ಸುತ್ತಿಗಿಂತಲೂ ಕಡಿಮೆ ತಿರುಗಿಸಿದರು. ಸೋರಿಕೆ ನಿಂತಿತು.

ಆ ಕೀಲಿ ಲಾರಿಯ ಉಪಕರಣ ಪೆಟ್ಟಿಗೆಯಲ್ಲೇ ಇತ್ತು. ಅದು ಯಾತಕ್ಕೆಂದು ಚಾಲಕನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಸೂಕ್ತ ಉಸಿರಾಟದ ರಕ್ಷಣೆಯಿಲ್ಲದೆ ಅವನು ಹತ್ತಿರ ಹೋಗಬಾರದಾಗಿತ್ತು. ಲಾರಿಯಲ್ಲಿದ್ದ ಎರಡು ಮುಖಗವಸುಗಳಲ್ಲಿ ಒಂದರ ಶೋಧಕ ಡಬ್ಬಿಯ ಅವಧಿ ಮುಗಿದಿತ್ತು, ಇನ್ನೊಂದರ ಪಟ್ಟಿ ಹರಿದಿತ್ತು.

ಏಳು ಜನರನ್ನು ಕಣ್ಣುರಿ ಮತ್ತು ಕೆಮ್ಮಿಗಾಗಿ ಆಸ್ಪತ್ರೆಗೆ ಕರೆದೊಯ್ದರು. ರಾತ್ರಿ ಅಲ್ಲಿಯೇ ಇರಿಸಿಕೊಂಡಿದ್ದನ್ನು ಕೆಲವರು ಅನಗತ್ಯವೆಂದರಂತೆ. ಅದು ಅತ್ಯಂತ ಅಗತ್ಯವಾಗಿತ್ತು: ಕ್ಲೋರಿನ್ ಉಸಿರಾಡಿದವರಿಗೆ ಮೊದಲು ಹಗುರವಾದಂತೆ ಕಂಡು, ಗಂಟೆಗಳು ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಸಾಧ್ಯತೆಯಿದೆ. ಎಲ್ಲರೂ ಮರುದಿನ ಮನೆಗೆ ಮರಳಿದರು.

ಎಲೆಗಳು ಹೇಳಿದ ದಾರಿ

ಬೆಳಿಗ್ಗೆ ನಾನು ಹೋದಾಗ ಮಳೆ ಬಿಟ್ಟಿತ್ತು. ಲಾರಿ ನಿಂತಿದ್ದ ಜಾಗದಿಂದ ಕೆಳಗೆ ನೋಡಿದರೆ ಅನಿಲ ಹರಿದ ದಾರಿ ಬರೆದಿಟ್ಟಂತೆ ಕಾಣುತ್ತಿತ್ತು. ರಸ್ತೆಯ ಚರಂಡಿಯ ಅಂಚಿನ ಜರಿಗಿಡಗಳು ಬಿಳಿಚಿದ್ದವು. ಮೋರಿಯ ಬಾಯಿಂದ ಹಳ್ಳದ ಗುಂಟ ಸುಮಾರು ಅರವತ್ತು ಹೆಜ್ಜೆ ದೂರದವರೆಗೆ ಸೊಪ್ಪೆಲ್ಲ ಬಣ್ಣ ಕಳೆದುಕೊಂಡಿತ್ತು. ತೋಟದ ಮೊದಲ ಸಾಲಿನ ಮರಗಳಿಗೆ ಹಬ್ಬಿಸಿದ್ದ ಕಾಳುಮೆಣಸಿನ ಬಳ್ಳಿಗಳಲ್ಲಿ ನೆಲದಿಂದ ಮಂಡಿಯೆತ್ತರದವರೆಗಿನ ಎಲೆಗಳಲ್ಲಿ ಮಾತ್ರ ಸುಟ್ಟಂಥ ಬಿಳಿ ಚುಕ್ಕೆಗಳಿದ್ದವು. ಅದಕ್ಕಿಂತ ಮೇಲಿನವು ಹಸಿರಾಗಿಯೇ ಇದ್ದವು. ರಸ್ತೆಯ ಮೇಲ್ಬದಿಯಲ್ಲಿ, ಲಾರಿಗೆ ಕೇವಲ ಎಂಟು ಹತ್ತು ಹೆಜ್ಜೆ ದೂರದಲ್ಲಿದ್ದ ಧರೆಯ ಮೇಲಿನ ಹುಲ್ಲಿಗೆ ಏನೂ ಆಗಿರಲಿಲ್ಲ. ಹಿಂದಿನ ಸಂಜೆ ಜನರು ಇಳಿಯಲು ಹೊರಟಿದ್ದ ಕಾಲುದಾರಿ ಆ ಮೋರಿಯ ಪಕ್ಕದಲ್ಲೇ ಹಾದುಹೋಗುತ್ತದೆ.

ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ 2021ರ ಜನವರಿ 21ರ ರಾತ್ರಿ ಲಾರಿಯಲ್ಲಿದ್ದ ಸ್ಫೋಟಕಗಳು ಸಿಡಿದಾಗ ನೆಲ ನಡುಗಿದ್ದು ಈ ಭಾಗದ ಎಲ್ಲರ ನೆನಪಿನಲ್ಲಿದೆ. ಭೂಕಂಪವೆಂದು ಭಾವಿಸಿ ಜನ ಮನೆಯಿಂದ ಹೊರಗೋಡಿ ಬಂದಿದ್ದರು. ಆ ದುರಂತದ ನಂತರ ನನ್ನ ತರಗತಿಗೆ ಬರುವವರಲ್ಲಿ ಅಪಾಯಕಾರಿ ಸರಕೆಂದರೆ ಸಿಡಿಯುವ ಸರಕು ಎಂಬ ಭಾವನೆ ಬಲವಾಗಿ ನಿಂತಿದೆ. ವಿಷಾನಿಲಕ್ಕೆ ಸದ್ದಿಲ್ಲ, ಬೆಂಕಿಯಿಲ್ಲ. 2010ರ ಜುಲೈನಲ್ಲಿ ಮುಂಬೈನ ಬಂದರು ಪ್ರದೇಶದ ಸೆವ್ರಿಯಲ್ಲಿ ಹಳೆಯ ಕ್ಲೋರಿನ್ ಪಾತ್ರೆಯಿಂದ ಸೋರಿಕೆಯಾಗಿ ಜನ ಆಸ್ಪತ್ರೆ ಸೇರಿದಾಗಲೂ ಅಲ್ಲಿ ಏನೂ ಸಿಡಿದಿರಲಿಲ್ಲ.

ತಪ್ಪು ಎಲ್ಲಿಂದ ಶುರುವಾಯಿತು

ಚಾಲಕ ವೇಗವಾಗಿ ಬಂದನೇ ಎಂಬ ಪ್ರಶ್ನೆಯನ್ನೇ ಎಲ್ಲರೂ ಮೊದಲು ಕೇಳಿದರು. ಇಂಥ ವಾಹನಗಳಲ್ಲಿ ವೇಗ ಮತ್ತು ಓಟದ ಅವಧಿಯನ್ನು ದಾಖಲಿಸುವ ಟ್ಯಾಕೋಗ್ರಾಫ್ ಇರಬೇಕೆಂದು ನಿಯಮವಿದೆ. ಇಲ್ಲಿ ಅದು ಇತ್ತು, ಮತ್ತು ಆ ದಾಖಲೆಯಂತೆ ವೇಗ ಆ ರಸ್ತೆಗೆ ಮೀರಿದ್ದಾಗಿರಲಿಲ್ಲ. ಬ್ರೇಕ್ ಮತ್ತು ಟೈರ್‌ಗಳೂ ಸರಿಯಾಗಿದ್ದವು. ಆದ್ದರಿಂದ ಆ ಪ್ರಶ್ನೆಯನ್ನು ಅಲ್ಲಿಗೇ ಬಿಡುತ್ತೇನೆ.

ನನ್ನ ತಿಳಿವಳಿಕೆಯಲ್ಲಿ ಈ ಪ್ರಕರಣ ನಡೆದದ್ದು ತಿರುವಿನಲ್ಲಲ್ಲ, ಅದಕ್ಕಿಂತ ಎಷ್ಟೋ ಗಂಟೆ ಮೊದಲು, ಸರಕು ತುಂಬುವ ಅಂಗಳದಲ್ಲಿ. ಟನ್ನರ್ ಉರುಳದಂತೆ ಎರಡೂ ಬದಿಗೆ ಮರದ ಬೆಣೆ ಕೊಟ್ಟು, ಸರಪಳಿಯಿಂದ ಬಿಗಿಯಬೇಕು. ಮೊದಲ ನಾಲ್ಕಕ್ಕೆ ಬೆಣೆಗಳಿದ್ದವು. ಐದನೆಯದರ ಒಂದು ಬದಿಗೆ ಬೆಣೆಯ ಬದಲು ಮುರಿದ ಇಟ್ಟಿಗೆ ಇಟ್ಟಿದ್ದರು. ಘಾಟಿಯ ತಿರುವುಗಳಲ್ಲಿ ಅದು ಪುಡಿಯಾಗಿತ್ತು. ವಾಲ್ವಿನ ರಕ್ಷಣಾ ಮುಚ್ಚಳವನ್ನು ಒಂದೇ ಬೋಲ್ಟಿನಲ್ಲಿ ನಿಲ್ಲಿಸಿದ್ದರು. ವಾಲ್ವನ್ನು ಪೂರ್ತಿ ಮುಚ್ಚಿರಲಿಲ್ಲ, ಹೊರಮೂತಿಯ ಟೋಪಿಯೊಳಗಿನ ವಾಷರ್ ಹಳೆಯದು. ಪೆಟ್ಟು ಬಿದ್ದಾಗ ಟೋಪಿ ಸಡಿಲವಾಯಿತು. ಟನ್ನರ್ ಕಾಲು ಸುತ್ತು ಉರುಳಿದ್ದರಿಂದ ಒಂದರ ಮೇಲೊಂದಿರಬೇಕಾದ ವಾಲ್ವ್‌ಗಳು ಅಕ್ಕಪಕ್ಕ ಬಂದು, ಎರಡೂ ದ್ರವದ ಮಟ್ಟಕ್ಕಿಂತ ಕೆಳಗಾದವು. ಮೇಲಿನ ವಾಲ್ವ್ ಮೇಲೆಯೇ ಇದ್ದಿದ್ದರೆ ಅದೇ ಸಡಿಲು ಟೋಪಿಯಿಂದ ಸೋರುತ್ತಿದ್ದುದು ಬಹಳ ಕಡಿಮೆ. ಇಟ್ಟಿಗೆಯೊಂದರ ಪರಿಣಾಮ ಅಷ್ಟು ದೂರ ಮುಟ್ಟಿತು.

ತುಂಬಿದ ಪಾತ್ರೆ ಹೊರಡುವ ಮೊದಲು ವಾಲ್ವಿನ ಬಳಿ ಅಮೋನಿಯಾ ದ್ರಾವಣದಲ್ಲಿ ಅದ್ದಿದ ಬಟ್ಟೆಯನ್ನು ಹಿಡಿದು ನೋಡುವುದು ಸರಳ ಪರೀಕ್ಷೆ. ಕ್ಲೋರಿನ್ ಇದ್ದರೆ ಬಿಳಿ ಹೊಗೆ ಏಳುತ್ತದೆ. ಆ ದಿನದ ತಪಾಸಣಾ ಚೀಟಿಯಲ್ಲಿ ಐದೂ ಟನ್ನರ್‌ಗಳ ಮುಂದೆ "ಸರಿ" ಎಂದು ಬರೆದಿತ್ತು. ಎಲ್ಲವೂ ಒಂದೇ ಕೈಬರಹ, ಸಮಯದ ಅಂಕಣ ಖಾಲಿ. ಪರೀಕ್ಷೆ ನಡೆಯಿತೋ ಇಲ್ಲವೋ ಎಂದು ನಾನು ತೀರ್ಪು ಕೊಡಲಾರೆ. ಅಂಥ ಚೀಟಿಯಿಂದ ಯಾರೂ ಏನನ್ನೂ ತಿಳಿಯಲಾರರು ಎಂದಷ್ಟೇ ಹೇಳಬಲ್ಲೆ. ಸರಕು ಕಳುಹಿಸುವವರ ಹೊಣೆಯನ್ನು 131ನೇ ನಿಯಮ, ಸಾಗಣೆದಾರರ ಹೊಣೆಯನ್ನು 132ನೇ ನಿಯಮ, ಚಾಲಕನ ಹೊಣೆಯನ್ನು 133ನೇ ನಿಯಮ ಬೇರೆ ಬೇರೆಯಾಗಿಯೇ ಹೇಳುತ್ತವೆ. ವ್ಯವಹಾರದಲ್ಲಿ ಮೊದಲಿನ ಇಬ್ಬರ ಹೊಣೆ ಸಹಿಯೊಂದಿಗೆ ಮುಗಿದು, ಮೂವರ ಹೊಣೆಯೂ ತಿರುವಿನಲ್ಲಿ ಒಂಟಿಯಾಗಿ ನಿಂತ ಮೂರನೆಯವನ ಹೆಗಲಿಗೆ ಬೀಳುತ್ತದೆ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

ತಾಡಪಾಲಿನಡಿಯ ಫಲಕ

134ನೇ ನಿಯಮದಂತೆ ಲಾರಿಯ ಎರಡೂ ಪಕ್ಕ ಮತ್ತು ಹಿಂಬದಿಯಲ್ಲಿ ತುರ್ತು ಮಾಹಿತಿ ಫಲಕ ಕಾಣಬೇಕು. ಸರಕಿನ ಸರಿಯಾದ ತಾಂತ್ರಿಕ ಹೆಸರು ಕನಿಷ್ಠ 50 ಮಿಲಿಮೀಟರ್ ಎತ್ತರದ ಅಕ್ಷರಗಳಲ್ಲಿ, ವರ್ಗ ಸಂಖ್ಯೆ ಕನಿಷ್ಠ 100 ಮಿಲಿಮೀಟರ್ ಎತ್ತರದ ಅಂಕಿಗಳಲ್ಲಿ, 250 ಮಿಲಿಮೀಟರಿಗೆ ಕಡಿಮೆಯಿಲ್ಲದ ಚೌಕದ ಅಪಾಯ ಚಿಹ್ನೆ, ತುರ್ತು ಸೇವೆಯ ಮತ್ತು ಪರಿಣತ ಸಲಹೆ ಕೊಡಬಲ್ಲವರ ದೂರವಾಣಿ ಸಂಖ್ಯೆ, ಇವಿಷ್ಟು ಅದರಲ್ಲಿರಬೇಕು. ಯಾವ ಅಡ್ಡಿಯೂ ಇಲ್ಲದೆ ಸದಾ ಕಾಣುವಂತಿರಬೇಕು. ಈ ಲಾರಿಯಲ್ಲಿ ಮೂರೂ ಫಲಕಗಳಿದ್ದವು, ಅಳತೆಯೂ ಸರಿಯಾಗಿತ್ತು. ಆದರೆ ಘಾಟಿಯ ಬುಡದಲ್ಲಿ ಮಳೆ ಜೋರಾದಾಗ ತಾಡಪಾಲು ಎಳೆದು ಬಿಗಿದಿದ್ದರಿಂದ ಪಕ್ಕದ ಎರಡೂ ಫಲಕಗಳು ಅದರಡಿ ಸೇರಿದ್ದವು. ಹಿಂದಿನದರ ಮೇಲೆ ಕೆಸರು ಬಡಿದಿತ್ತು. ಆರು ತಿಂಗಳು ಮಳೆ ಸುರಿಯುವ ನಾಡಿನಲ್ಲಿ ತಾಡಪಾಲು ಕಟ್ಟುವುದನ್ನು ತಪ್ಪೆನ್ನಲಾಗದು. ಫಲಕವನ್ನು ಹಲಗೆಯ ಮೇಲೆಯೇ ಬರೆದು, ತಾಡಪಾಲು ಅದನ್ನು ಮುಚ್ಚುವುದೆಂದು ಯಾರೂ ಯೋಚಿಸದಿದ್ದುದು ತಪ್ಪು. ಮುಂದೆ ನಿಂತಿದ್ದ ಬಸ್ಸಿನ ಚಾಲಕನಿಗೂ ನಿರ್ವಾಹಕನಿಗೂ ತಮ್ಮ ಹಿಂದಿರುವುದು ವಿಷಾನಿಲದ ಲಾರಿ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಪಂಪ್‌ಹೌಸಿನ ಹಿರಿಯರು ಫಲಕದ ಕೆಸರು ಒರೆಸಿ, ಅದರಲ್ಲಿದ್ದ ಪರಿಣತ ಸಲಹೆಯ ಸಂಖ್ಯೆಗೆ ಮೂರು ಬಾರಿ ಕರೆ ಮಾಡಿದ್ದರು. ಅದು ಕಚೇರಿಯ ಸ್ಥಿರ ದೂರವಾಣಿ. ಆಗ ಸಂಜೆ ಐದೂವರೆ ದಾಟಿತ್ತು. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು, ಎತ್ತಲು ಯಾರೂ ಇರಲಿಲ್ಲ. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ಬೆಣೆ ಹಾಕದಿದ್ದುದು ಒಬ್ಬ ಕೂಲಿಕಾರನ ಅವಸರವಿರಬಹುದು, ಆದರೆ ರಾತ್ರಿಯಿಡೀ ರಸ್ತೆಯಲ್ಲಿರುವ ಸರಕಿಗೆ ಕಚೇರಿ ವೇಳೆಯ ಸಂಖ್ಯೆ ಬರೆಸಿದ್ದು ಕುಳಿತು ಮಾಡಿದ ನಿರ್ಧಾರ.

ಓದಲಾಗದ ಕಾರ್ಡು

ಸರಕಿನ ಸ್ವಭಾವ, ಅಪಾಯ, ಸೋರಿದರೆ ಏನು ಮಾಡಬೇಕು ಎಂಬ ಬರಹ ರೂಪದ ಸೂಚನೆಯನ್ನು, ಅಂದರೆ ಚಾಲಕರು ಟ್ರೆಮ್ ಕಾರ್ಡ್ ಎನ್ನುವುದನ್ನು, ಕ್ಯಾಬಿನ್ನಿನಲ್ಲಿ ಸದಾ ಕೈಗೆ ಸಿಗುವಂತೆ ಇಟ್ಟಿರಬೇಕು. ಇಲ್ಲಿ ಕಾರ್ಡು ಇತ್ತು: ಇ-ವೇ ಬಿಲ್, ವಿಮೆ, ಪರ್ಮಿಟ್ಟುಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ, ಸೀಟಿನ ಕೆಳಗೆ. ಇಂಗ್ಲಿಷಿನಲ್ಲಿ, ಎರಡೂ ಬದಿಗೆ ಒತ್ತಾಗಿ ಮುದ್ರಿಸಿದ ಸಣ್ಣ ಅಕ್ಷರಗಳು. ಗಾಳಿಯ ದಿಕ್ಕಿನ ಬಗೆಗೂ ನೀರು ಹಾಕಬಾರದೆಂಬುದರ ಬಗೆಗೂ ಅದರಲ್ಲಿ ಸರಿಯಾಗಿಯೇ ಬರೆದಿತ್ತು.

ಚಾಲಕ ಹಾವೇರಿ ಕಡೆಯವನು, ಕನ್ನಡವನ್ನು ಚೆನ್ನಾಗಿ ಓದುತ್ತಾನೆ. 9ನೇ ನಿಯಮ ಒಂದು ಭಾರತೀಯ ಭಾಷೆಯೊಂದಿಗೆ ಇಂಗ್ಲಿಷನ್ನೂ ಓದಿ ಬರೆಯಬಲ್ಲವರಾಗಿರಬೇಕೆಂದು ಕೇಳುತ್ತದೆ. ಅವನ ಪರವಾನಗಿಯಲ್ಲಿ ಅಪಾಯಕಾರಿ ಸರಕಿನ ನಮೂದು ಕ್ರಮಬದ್ಧವಾಗಿತ್ತು. 2019ರ ತಿದ್ದುಪಡಿಯ ನಂತರ ಅದು ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಮೊದಲು ಒಂದೇ ವರ್ಷವಿತ್ತು. ತರಬೇತಿಯಲ್ಲಿ ಏನು ಹೇಳಿದ್ದರೆಂದು ಕೇಳಿದೆ. "ಪೆಟ್ರೋಲ್ ಟ್ಯಾಂಕರ್, ಗ್ಯಾಸ್ ಟ್ಯಾಂಕರ್ ವಿಷಯ ಹೇಳಿದ್ರು ಸರ್, ಇದರದ್ದು ನೆನಪಿಲ್ಲ" ಎಂದ. ಅವನು ಕಲಿತದ್ದು ನನ್ನ ತರಗತಿಯಲ್ಲಲ್ಲ. ಆದರೂ ಆ ಮಾತು ನನಗೂ ಅನ್ವಯಿಸುತ್ತದೆ. ನಾನೂ ಉರಿಯುವ ಸರಕಿಗೆ ಎರಡು ಗಂಟೆ ಕೊಟ್ಟು, ವಿಷಾನಿಲವನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದೆ. ಚಾಲಕನಿಗೆ ತಾನು ಹೊತ್ತಿರುವ ಸರಕಿನ ಅಪಾಯವೂ ಕೈಗೊಳ್ಳಬೇಕಾದ ಕ್ರಮವೂ ಅರ್ಥವಾಗುವಷ್ಟು ತಿಳಿವಳಿಕೆ ಸಿಕ್ಕಿದೆಯೆಂದು ಮಾಲೀಕರು ಖಚಿತಪಡಿಸಿಕೊಳ್ಳಬೇಕೆಂದು 135ನೇ ನಿಯಮ ಹೇಳುತ್ತದೆ. ಪ್ರಮಾಣಪತ್ರವಿದ್ದ ಮೇಲೆ ತಿಳಿವಳಿಕೆ ಇದೆಯೆಂದು ಮಾಲೀಕರು ನಂಬಿದ್ದರು.

ಒಂದು ಮಾತನ್ನು ಚಾಲಕನ ಪರವಾಗಿ ದಾಖಲಿಸಲೇಬೇಕು. ಅವನು ಓಡಿಹೋಗಲಿಲ್ಲ. ಗಾಲಿಗಳಿಗೆ ಕಲ್ಲು ಕೊಟ್ಟು, ಎಂಜಿನ್ ನಿಲ್ಲಿಸಿ, ಮೇಲಿನ ಬ್ಯಾಣದಲ್ಲಿ ಜನರೊಡನೆ ನಿಂತಿದ್ದ; ಪೊಲೀಸರಿಗೂ ಮಾಲೀಕರಿಗೂ ತಾನೇ ತಿಳಿಸಿದ. 136ನೇ ನಿಯಮ ಕೇಳುವುದೂ ಇದನ್ನೇ. ಗುಂಪಿನ ಸಿಟ್ಟಿಗೆ ಹೆದರಿ ಚಾಲಕರು ಕಾಣೆಯಾಗುವ ಎಷ್ಟೋ ಅಪಘಾತಗಳಲ್ಲಿ, ಒಳಗಿರುವ ಸರಕು ಯಾವುದೆಂದು ಹೇಳುವವರೇ ಇಲ್ಲದೆ ಅಮೂಲ್ಯವಾದ ಹೊತ್ತು ಕಳೆದುಹೋಗುತ್ತದೆ.

ಅನಂತರದ ಬದಲಾವಣೆಗಳು

ಇದನ್ನೆಲ್ಲ ಬರೆದು ನಾನು ಕೊಟ್ಟ ವರದಿಯನ್ನು ಮಾಲೀಕರು ತೆರೆದ ಮನಸ್ಸಿನಿಂದ ಓದಿದರು. ಈಗ ಅವರ ಲಾರಿಗಳಲ್ಲಿ ಫಲಕಗಳನ್ನು ತಗಡಿನ ಮೇಲೆ ಬರೆಸಿ, ತಾಡಪಾಲು ಕಟ್ಟಿದ ಮೇಲೂ ಹೊರಗೆ ಕಾಣುವಂತೆ ಕೊಕ್ಕೆಗಳಿಗೆ ತೂಗುಹಾಕುತ್ತಾರೆ. ಮುಖಗವಸಿನ ಅವಧಿಯನ್ನು ಹೊರಡುವ ಮೊದಲು ಚಾಲಕನೇ ಗಟ್ಟಿಯಾಗಿ ಓದಿ ಹೇಳಬೇಕು. ಬೆಣೆಗಳನ್ನು ಎಣಿಸಿ ಕೊಡುತ್ತಾರೆ, ಎಣಿಸಿ ವಾಪಸು ಪಡೆಯುತ್ತಾರೆ. ಘಾಟಿ ಹತ್ತುವ ಮೊದಲು ಒಮ್ಮೆ, ಹತ್ತಿದ ಮೇಲೆ ಒಮ್ಮೆ ಲಾರಿ ನಿಲ್ಲಿಸಿ ಕಟ್ಟು ನೋಡಬೇಕೆಂದು ಹೇಳಿದ್ದಾರೆ. ಆದರೆ ಜನವಸತಿಯಿಂದ ದೂರವಾಗಿ ಭಾರಿ ವಾಹನವನ್ನು ಸುರಕ್ಷಿತವಾಗಿ ನಿಲ್ಲಿಸುವಂಥ ಅಗಲ ಜಾಗ ಆ ದಾರಿಯಲ್ಲಿ ಸುಲಭವಾಗಿ ಸಿಗುವುದಿಲ್ಲ, ಆದ್ದರಿಂದ ಎರಡನೆಯ ನಿಲುಗಡೆ ಬಹಳ ಸಲ ತಪ್ಪುತ್ತದೆ. ಸರಕು ಕಳುಹಿಸುವವರು ಫಲಕದ ಸಂಖ್ಯೆಯನ್ನು ಹಗಲು ರಾತ್ರಿ ಎತ್ತುವ ಮೊಬೈಲ್ ಸಂಖ್ಯೆಗೆ ಬದಲಾಯಿಸಿದ್ದಾರೆ. ನನ್ನ ತರಗತಿಯಲ್ಲಿ ಚಾಲಕರು ತಮ್ಮ ಲಾರಿಯ ಫಲಕದಲ್ಲಿರುವ ಸಂಖ್ಯೆಗೆ ಊಟದ ಬಿಡುವಿನಲ್ಲಿ ಕರೆ ಮಾಡಿ ನೋಡುವುದನ್ನು ಪಾಠದ ಭಾಗವಾಗಿಸಿದ್ದೇನೆ.

ಇಂಗ್ಲಿಷ್ ಕಾರ್ಡಿನ ಜೊತೆಗೆ ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ, ಒಂದೇ ಬದಿಗೆ ಮುದ್ರಿಸಿದ ಕಾರ್ಡೊಂದನ್ನು ಸಿದ್ಧಪಡಿಸುವ ಕೆಲಸವನ್ನು ಮಾಲೀಕರು ನನಗೆ ಒಪ್ಪಿಸಿದರು. ಮೊದಲ ಕರಡಿನಲ್ಲಿ ನಾನು "ಗಾಳಿಯ ವಿರುದ್ಧ ದಿಕ್ಕಿಗೆ ಸರಿಯಿರಿ" ಎಂದು ಬರೆದಿದ್ದೆ. ಅದೇ ಚಾಲಕನನ್ನು ಕೂರಿಸಿ ಓದಿಸಿದಾಗ, ಅವನು ಗಾಳಿ ಬೀಸಿಹೋಗುವ ಕಡೆಗೆ, ಅಂದರೆ ಅನಿಲದ ಜೊತೆಗೇ, ಕೈ ತೋರಿಸಿದ. ಇನ್ನಿಬ್ಬರು ಚಾಲಕರಲ್ಲಿ ಒಬ್ಬ ಅತ್ತ ತೋರಿಸಿದ, ಒಬ್ಬ ಇತ್ತ. ಆ ವಾಕ್ಯವನ್ನು ಹೊಡೆದುಹಾಕಿ, ಹೇಗೆ ಬರೆದರೆ ಗೊಂದಲವಾಗದೆಂದು ಅವನನ್ನೇ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಅವನು ಹೇಳಿದ್ದನ್ನೇ ಈಗ ಕಾರ್ಡಿನ ಮೊದಲ ಸಾಲಾಗಿ ಮುದ್ರಿಸಲಾಗಿದೆ: "ಗಾಳಿ ಮುಖಕ್ಕೆ ಬಡಿಯುವಂತೆ ನಡೆಯಿರಿ, ನೀರು ಹರಿಯುವ ಕಡೆಗೆ ಇಳಿಯಬೇಡಿ."